ಗೇಟಿನ ಮೇಲೆ ‘ನಾ ಸ್ಪ್ಷೆದಾಶ್’

ಪೋಲೆಂಡಿಗೆ ಬಂದ ಹೊಸದರಲ್ಲಿ ನಾವು ಓದಲು ಕಲಿತ ಪದಗಳಲ್ಲಿ ‘ನಾ ಸ್ಪ್ಷೆದಾಶ್’ ಒಂದು. ‘ಮಾರಾಟಕ್ಕಿದೆ’ ಎಂದರ್ಥ. ಹಳೆ ಕಾರು, ಖಾಲಿ ಸೈಟು, ಸೈಕಲ್ಲು, ಎಲ್ಲದರ ಮೇಲೂ ಇರುತ್ತದೆ. ಅರಮನೆಯ ಗೇಟಿಗೆ ತಂತಿಯಲ್ಲಿ ಕಟ್ಟಿದ್ದನ್ನು ನೋಡಿದ್ದು ಮಾತ್ರ ಅದೇ ಮೊದಲು.

ಅಕ್ಟೋಬರ್ ಕೊನೆಯ ಶನಿವಾರ. ವ್ರೊತ್ಸ್ವಾಫ್‌ನಿಂದ ರೈಲು ಹಿಡಿದು ಎರಡು ತಾಸಿಗೂ ಮಿಕ್ಕಿ ಕೂತರೆ ಯೆಲೆನ್ಯಾ ಗೂರಾ, ಅಂದರೆ ‘ಜಿಂಕೆ ಬೆಟ್ಟ’. ಸುತ್ತ ತಟ್ಟೆಯಂಥ ಕಣಿವೆ, ದಕ್ಷಿಣದ ಅಂಚಿಗೆ ಕರ್ಕೊನೊಷೆ ಬೆಟ್ಟಸಾಲು, ಅದರ ತಲೆಯ ಮೇಲೆ 1603 ಮೀಟರ್ ಎತ್ತರದ ಷ್ನ್ಯೆಷ್ಕಾ ಶಿಖರ. ಈ ಪುಟ್ಟ ಕಣಿವೆಯೊಳಗೆ ಮೂವತ್ತರ ಆಸುಪಾಸು ಅರಮನೆ, ಗಢಿಗಳಿವೆ. ಅರಮನೆ ಎಂದಾಕ್ಷಣ ದರ್ಬಾರು ಹಾಲು, ಸಿಂಹಾಸನ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಜಮೀನ್ದಾರನ ದೊಡ್ಡ ಬಂಗಲೆಗೂ ಇಲ್ಲಿಯವರು ಅರಮನೆ ಎಂದೇ ಹೇಳುವುದು.

ಇಷ್ಟೊಂದು ಒಂದೇ ಕಡೆ ಸೇರಿಕೊಂಡದ್ದಕ್ಕೆ ಕಾರಣ ಪ್ರಶ್ಯದ ರಾಜಮನೆತನ. ಆಗ ಈ ಸೀಮೆ ಪ್ರಶ್ಯ ಎಂಬ ಜರ್ಮನ್ ರಾಜ್ಯದ ಕೈಯಲ್ಲಿತ್ತು. 1822ರಲ್ಲಿ ರಾಜನ ತಮ್ಮ ವಿಲ್ಹೆಲ್ಮ್ ಕರ್ಪ್ನಿಕಿಯ ಕೋಟೆಮನೆಯನ್ನು ಕೊಂಡ. ಸೇನಾನಿ ಗ್ನೈಜೆನಾವ್ 1831ರಲ್ಲಿ ತೀರಿಕೊಂಡ ಮೇಲೆ ಮಿಸ್ವಕೊವಿತ್ಸೆಯಲ್ಲಿದ್ದ ಅವನ ಎಸ್ಟೇಟನ್ನು ರಾಜ ಮೂರನೇ ಫ್ರೆಡರಿಕ್ ವಿಲಿಯಮ್ಮನೇ ತೆಗೆದುಕೊಂಡ. 1839ರಲ್ಲಿ ಮಗಳು ಲೂಯಿಸಾಗೆಂದು ವೊಯಾನುಫ್ ಅರಮನೆಯನ್ನು ಕೊಂಡ. ದೊರೆಯೇ ಬೇಸಿಗೆ ಕಳೆಯಲು ಬರುವ ಊರೆಂದ ಮೇಲೆ ಶ್ರೀಮಂತರು ಸುಮ್ಮನಿರುತ್ತಾರೆಯೇ? ಪಾರ್ಕುಗಳನ್ನು ರೂಪಿಸಲು ಪೀಟರ್ ಯೋಸೆಫ್ ಲೆನ್ನೆಯಂಥ ಹೆಸರಾಂತ ಉದ್ಯಾನಶಿಲ್ಪಿಯೇ ಬಂದ.

ನಾವು ಮೊದಲು ನೋಡಿದ್ದು ಬೂಬ್ರ್ ನದಿಯ ಆಚೆ ಈಚೆ ಇರುವ ವೊಯಾನುಫ್ ಮತ್ತು ವೊಮ್ನಿತ್ಸಾ. ಎರಡೂ ಈಗ ಹೋಟೆಲು, ಎರಡೂ ಮಿರಿಮಿರಿ. ವೊಮ್ನಿತ್ಸಾದ ಕಥೆ ಹೇಳಲೇಬೇಕು: 1835ರಿಂದ ಒಂದೇ ಜರ್ಮನ್ ಮನೆತನದ ಕೈಲಿತ್ತು. 1945ರಲ್ಲಿ ಗಡಿ ಸರಿದು ಸೀಮೆ ಪೋಲೆಂಡಿಗೆ ಸೇರಿದಾಗ ಆಸ್ತಿ ಹೋಯಿತು. 1990ರ ದಶಕದ ಆರಂಭದಲ್ಲಿ ಅದೇ ಮನೆತನದ ಕುಡಿಗಳು ಬಂದು, ತಮ್ಮ ಅಜ್ಜಂದಿರ ಮನೆಯನ್ನು ಪಾಳುಬಿದ್ದ ಸ್ಥಿತಿಯಲ್ಲಿ ದುಡ್ಡು ಕೊಟ್ಟು ಕೊಂಡುಕೊಂಡರು. ಅಲ್ಲಿ ಕಾಫಿ ಚೆನ್ನಾಗಿದೆ. ಅದಕ್ಕಿಂತ ಹೆಚ್ಚಿಗೆ ಬರೆದರೆ ಹೋಟೆಲಿನ ಜಾಹೀರಾತಾದೀತು.

ನನಗೆ ಬೇಕಾಗಿದ್ದದ್ದು ಇನ್ನೂ ಮಾರಾಟವಾಗದ ಮನೆ. ಅದು ಸಿಕ್ಕಿದ್ದು ಬಸ್ಸು ತಪ್ಪಿಸಿಕೊಂಡು ಹಳ್ಳಿಯೊಂದರಲ್ಲಿ ಸುಮ್ಮನೆ ಅಡ್ಡಾಡುವಾಗ. ಯಾರದೋ ಆಸ್ತಿಯಾದ್ದರಿಂದ ಊರಿನ ಹೆಸರು ಬೇಡ. ಫಲಕದ ಮೇಲೆ ‘ಅರಮನೆ ಮತ್ತು ಪಾರ್ಕ್’ ಎಂದಿತ್ತು, ಕೆಳಗೆ ಹೆಕ್ಟೇರುಗಳ ಲೆಕ್ಕ, ಒಂದು ಫೋನ್ ನಂಬರು. ಬೆಲೆ ಇರಲಿಲ್ಲ.

“ರೀ, ಕೇಳಿ ನೋಡೋಣ್ವಾ?” ಎಂದಳು ನನ್ನವಳು.

“ಬಾಡಿಗೆ ಮನೆ ಓನರ್‌ಗೆ ಏನಂತ ಹೇಳ್ತೀಯಾ?”

ನಮ್ಮ ನಗು ಕೇಳಿ ಎದುರುಮನೆಯ ಅಜ್ಜಿ ಬೇಲಿಗೆ ಬಂದರು. ಕೊಳ್ಳುವವರೆಂದು ತಿಳಿದಿರಬೇಕು, ಮೊದಲು ನಮ್ಮ ಬೂಟುಗಳನ್ನು ನೋಡಿದರು. ಅಲ್ಲವೆಂದು ಗೊತ್ತಾದ ಮೇಲೆ ಮುಖ ಸಡಿಲವಾಯಿತು. ಹೆಂಡತಿಗೆ ಆಫೀಸಿನಲ್ಲಿ ಕಲಿತ ಪೋಲಿಷ್ ಇತ್ತು, ನನಗೆ ತಲೆಯಾಡಿಸಲು ಬರುತ್ತಿತ್ತು. ‘ಪಾನಿ’ ಎಂದು ಗೌರವದಿಂದ ಮಾತಾಡಿಸುತ್ತ ಅವರ ಹಿಂದೆಯೇ ಪಾರ್ಕಿನೊಳಗೆ ಹೋದೆವು. ಗೇಟಿಗೆ ಬೀಗವಿತ್ತು. ಪಕ್ಕದ ಗೋಡೆಯೇ ಬಿದ್ದುಹೋಗಿದ್ದರಿಂದ ಬೀಗಕ್ಕೆ ಕೆಲಸವಿರಲಿಲ್ಲ.

ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಒಂದು ಹಲಗೆ ಜಾರಿದ ಕಡೆ ಕಣ್ಣಿಟ್ಟು ನೋಡಿದೆ. ದೊಡ್ಡ ಕೋಣೆ, ಚಾವಣಿಯ ಅಂಚಿನಲ್ಲಿ ಗಾರೆಯ ಹೂಬಳ್ಳಿ, ಅದರ ಕೆಳಗೆ ಗೋಡೆಗೆ ಎದೆಯೆತ್ತರಕ್ಕೆ ಬಳಿದ ಎಣ್ಣೆಬಣ್ಣದ ಹಸಿರು ಪಟ್ಟಿ. ಮೂಲೆಯಲ್ಲಿ ಕರಿ ಹಿಡಿದ ಇಟ್ಟಿಗೆಯ ಗುಡ್ಡೆ. ಅಲ್ಲಿ ಮೆರುಗಿನ ಹೆಂಚು ಹೊದಿಸಿದ ಒಲೆ ಇತ್ತಂತೆ. ಹೆಂಚುಗಳನ್ನು ಒಂದೊಂದಾಗಿ ಯಾರೋ ಬಿಚ್ಚಿಕೊಂಡು ಹೋದರು. ಯುದ್ಧದ ಮೇಲೆ ಜರ್ಮನರನ್ನು ಹೊರಡಿಸಿ, ಪೂರ್ವದಲ್ಲಿ ನೆಲೆ ಕಳೆದುಕೊಂಡ ಪೋಲಿಷರನ್ನು ಈ ಊರುಗಳಲ್ಲಿ ಇಳಿಸಿದರು. ಅಜ್ಜಿಯ ತಂದೆತಾಯಿ ಹಾಗೆ ಬಂದವರು. ಅರಮನೆ ಸರ್ಕಾರಿ ಕೃಷಿ ಫಾರ್ಮಿನ ಕಚೇರಿಯಾಯಿತು. ನೃತ್ಯದ ಹಾಲಿನಲ್ಲಿ ಒಂದಷ್ಟು ವರ್ಷ ಗೋಧಿ ಸುರಿದಿದ್ದರು. “ನಾವು ಮಕ್ಕಳು ಅದರ ಮೇಲಿಂದ ಜಾರುತ್ತಿದ್ದೆವು,” ಎಂದರು. 1990ರ ದಶಕದಲ್ಲಿ ಫಾರ್ಮುಗಳನ್ನು ಮುಚ್ಚಿದ ಮೇಲೆ ಮನೆ ಕೈಯಿಂದ ಕೈಗೆ ಹೋಯಿತು, ಛಾವಣಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಛಾವಣಿ ಸೋರಿದ ಮನೆ ಗೋಡೆ ಎಷ್ಟು ದಪ್ಪವಿದ್ದರೂ ಉಳಿಯುವುದಿಲ್ಲ.

ಕೊಳ್ಳುವವರಿಗೆ ಕಾನೂನಿನ ಆಸೆಯೂ ಉಂಟು, ಕಾಟವೂ ಉಂಟು. ಸ್ಮಾರಕಗಳ ಪಟ್ಟಿಯಲ್ಲಿರುವ ಸರ್ಕಾರಿ ಆಸ್ತಿಯಾದರೆ ಬೆಲೆಯಲ್ಲಿ ಅರ್ಧ ರಿಯಾಯಿತಿಯ ಅವಕಾಶವಿದೆ. ಕೊಂಡ ಮೇಲೆ ರಿಪೇರಿ, ಬದಲಾವಣೆ ಎಲ್ಲಕ್ಕೂ ಪ್ರಾಂತ್ಯದ ಸ್ಮಾರಕ ಸಂರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಪಟ್ಟಿಯಲ್ಲಿರುವ ಪಾರ್ಕಿನ ಮರ ಕಡಿಯುವುದಕ್ಕೂ ಅಷ್ಟೇ. ಕಣಿವೆಯ 11 ಅರಮನೆ-ಪಾರ್ಕುಗಳಿಗೆ 2011ರಲ್ಲಿ ರಾಷ್ಟ್ರೀಯ ‘ಐತಿಹಾಸಿಕ ಸ್ಮಾರಕ’ದ ಪಟ್ಟ ಸಿಕ್ಕಿತು. ಈ ಮನೆ ಆ ಹನ್ನೊಂದರಲ್ಲಿಲ್ಲ.

ನಿಜ ಹೇಳಬೇಕೆಂದರೆ ಮನೆಗಿಂತ ಪಾರ್ಕೇ ನನ್ನನ್ನು ಹಿಡಿದು ನಿಲ್ಲಿಸಿತು. ಲಿಂಡನ್ ಮರಗಳ ಸಾಲು ಅರ್ಧ ಎಲೆ ಉದುರಿಸಿ ನಿಂತಿತ್ತು. ಬರಿದಾದ ಕೊಂಬೆಗಳ ತುಂಬ ಬಂದಳಿಕೆಯ ಹಸಿರು ಚೆಂಡುಗಳು. ಹಿಂಭಾಗದ ಮೆಟ್ಟಿಲ ಮೇಲೆ ಅಜ್ಜಿ ನನ್ನ ತೋಳು ಹಿಡಿದು ಎರಡು ಹೆಜ್ಜೆ ಎಡಕ್ಕೆ ಸರಿಸಿದರು. ಮುಂದೆ ಹುಲ್ಲುಗಾವಲು, ಅದರಾಚೆ ತಾನೇ ಹುಟ್ಟಿ ಬೆಳೆದ ಮೇಪಲ್, ಬರ್ಚ್‌ಗಳ ಗೋಡೆ. ಅದರ ಸಂದಿನಲ್ಲಿ, ಅಂಗೈಯಗಲದಷ್ಟು ಜಾಗದಲ್ಲಿ, ಷ್ನ್ಯೆಷ್ಕಾ.

ಆಗ ಈ ಕಣಿವೆಯ ಲೆಕ್ಕ ಅರ್ಥವಾಯಿತು. ಇಲ್ಲಿಯ ಪಾರ್ಕುಗಳು ಬೇಲಿಗೆ ಮುಗಿಯುವಂತೆ ಮಾಡಿದವಲ್ಲ. ಪಕ್ಕದ ಎಸ್ಟೇಟಿನ ಗೋಪುರ, ಯಾರದೋ ಹೊಲ, ಕೊನೆಯಲ್ಲಿ ಈ ಶಿಖರ, ಎಲ್ಲವೂ ಮೆಟ್ಟಿಲ ಮೇಲೆ ನಿಂತವನ ಕಣ್ಣಳತೆಗೆ ಬರುವಂತೆ ಮರಗಳ ನಡುವೆ ದಾರಿ ಬಿಟ್ಟು ನೆಟ್ಟದ್ದು. ಫಲಕದ ಹೆಕ್ಟೇರಿನಲ್ಲಿ ಷ್ನ್ಯೆಷ್ಕಾ ಸೇರಿಲ್ಲ. ಅದನ್ನು ಕಾಣಿಸುತ್ತಿದ್ದ ಸಂದು ಸೇರಿದೆ, ಅದೂ ಮುಚ್ಚುತ್ತಿದೆ. “ಎಲೆ ಪೂರ್ತಿ ಉದುರಿದ ಮೇಲೆ ಬನ್ನಿ, ಇನ್ನೂ ಸ್ವಲ್ಪ ಕಾಣುತ್ತೆ,” ಎಂದರು ಅಜ್ಜಿ.

ಹೊರಡುವಾಗ ಗೋಡೆಯ ಪಕ್ಕದ ಅಕ್ರೋಟಿನ ಮರದಡಿ ಬಗ್ಗಿ, ಕಪ್ಪಾಗಿ ಕೊಳೆತ ಸಿಪ್ಪೆಯನ್ನು ಬೂಟಿನ ಹಿಮ್ಮಡಿಯಿಂದ ಒರೆಸಿ, ಎರಡು ಬೊಗಸೆ ಕಾಯಿ ನಮ್ಮ ಚೀಲಕ್ಕೆ ಹಾಕಿದರು. ಯಾರದೋ ಆಸ್ತಿಯದು ಹೇಗೆ ತೆಗೆದುಕೊಳ್ಳುವುದೆಂದು ಹೆಂಡತಿ ಅನುಮಾನಿಸಿದಳು.

“ಮಾರಾಟವಾಗೋವರೆಗೂ ಕಾಯಿ ನಮ್ಮದೇ,” ಎಂದರು ಅಜ್ಜಿ. “ಬರಿಗೈಯಲ್ಲಿ ಸುಲಿಯಬೇಡಿ.”

ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕಿತ್ತು. ನಾನು ಬರಿಗೈಯಲ್ಲೇ ಸುಲಿದೆ. ಸೋಮವಾರ ಆಫೀಸಿನಲ್ಲಿ ಕೀಬೋರ್ಡಿನ ಮೇಲಿದ್ದ ನನ್ನ ಹತ್ತೂ ಬೆರಳುಗಳು ಕಪ್ಪಗಿದ್ದವು, ಮುಂದಿನ ಶನಿವಾರವೂ ಹಾಗೇ ಇದ್ದವು.