ಆಗುತ್ತೆ ಮೇಡಂ

ಬುಧವಾರ ಸಂಜೆ ಕ್ಲೈಂಟ್ ಕಡೆಯ ಮ್ಯಾನೇಜರ್‌ಗೆ ಫೋನ್ ಮಾಡಿ, ನಾಳೆ ನಮ್ಮ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಶುರು ಮಾಡೋಕೆ ಆಗಲ್ಲ ಸರ್ ಅಂತ ಹೇಳಿದೆ. ಎರಡು ವಾರದಿಂದ ಆಗುತ್ತೆ, ಆಗುತ್ತೆ ಅಂತ ಅವರಿಗೆ ಭರವಸೆ ಕೊಟ್ಟಿದ್ದೂ ನಾನೇ. ಅವರು ಕೂಗಾಡಲಿಲ್ಲ. "ನಿನ್ನೆ ಹೇಳಿದ್ರೂ ನಡೀತಿತ್ತಲ್ಲಮ್ಮ, ಹುಡುಗರಿಗೆಲ್ಲ ಬೆಳಗ್ಗೆ ಏಳಕ್ಕೇ ಬನ್ನಿ ಅಂದುಬಿಟ್ಟಿದ್ದೀನಿ" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಪೀಣ್ಯದಲ್ಲಿ ಟೀ ಕುಡಿಯುವಾಗ ನಮ್ಮ ಟೀಮಿನ ಹುಡುಗ ಒಂದು ಮಾತು ಕೇಳಿದ. ಇವತ್ತು ಶನಿವಾರ. ಇನ್ನೂ ಕಿವಿಯಲ್ಲೇ ಇದೆ.

ಕ್ಲೈಂಟ್ ಅಂದರೆ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ವರ್ಷದ ವಹಿವಾಟು 5 ಕೋಟಿ ದಾಟಿದವರು ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು 2023ರ ಆಗಸ್ಟ್ 1ರಿಂದ ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಅಲ್ಲಿಂದ 64 ಅಕ್ಷರದ ಒಂದು ಐಆರ್‌ಎನ್ ನಂಬರು ಮತ್ತು ಕ್ಯೂಆರ್ ಕೋಡ್ ವಾಪಸ್ ಬರುತ್ತೆ. ಅದಿಲ್ಲದ ಬಿಲ್ಲು ಬಿಲ್ಲೇ ಅಲ್ಲ, ಅದನ್ನು ನಂಬಿ ಮಾಲು ಹೊರಗೆ ಕಳಿಸುವ ಹಾಗಿಲ್ಲ. ನಮ್ಮ ಸಾಫ್ಟ್‌ವೇರನ್ನು ಆ ಪೋರ್ಟಲ್‌ಗೆ ಜೋಡಿಸುವ ಕೆಲಸ ಈ ಹುಡುಗನದು. ಚಿತ್ರದುರ್ಗದ ಕಡೆಯವನು, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿಲ್ಲ. ತುಂಬಾ ಶ್ರದ್ಧೆ. ಕೋಡ್ ಬರೆದರೆ ಓದೋಕೆ ಖುಷಿಯಾಗುವ ಹಾಗೆ ಬರೆಯುತ್ತಾನೆ.

ದಿನಾ ಬೆಳಗ್ಗೆ ಹತ್ತೂಕಾಲಿಗೆ ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗ್, ಯಾರ ಕೆಲಸ ಎಲ್ಲಿಗೆ ಬಂತು ಅಂತ ಎಲ್ಲರೂ ನಿಂತುಕೊಂಡೇ ಹೇಳೋದು. ಎಲ್ಲರ ಎದುರು ಅವನು ಇಂಗ್ಲಿಷಿನಲ್ಲಿ "ಆಲ್‌ಮೋಸ್ಟ್ ಡನ್" ಅನ್ನುತ್ತಿದ್ದ. ಮೀಟಿಂಗ್ ಮುಗಿದ ಮೇಲೆ ನಾನು ಅವನ ಸೀಟಿನ ಹತ್ತಿರ ಹೋಗಿ ಕನ್ನಡದಲ್ಲಿ ಕೇಳುತ್ತಿದ್ದೆ, ಬುಧವಾರಕ್ಕೆ ಆಗುತ್ತಾ? "ಆಗುತ್ತೆ ಮೇಡಂ." ನಾನು ಬೋರ್ಡಿನಲ್ಲಿ 90 ಪರ್ಸೆಂಟ್ ಅಂತ ಹಾಕಿಕೊಂಡು ಮುಂದಿನವರ ಹತ್ತಿರ ಹೋಗುತ್ತಿದ್ದೆ. ಒಂಬತ್ತು ಕೆಲಸದ ದಿನ ಅದೇ ಪ್ರಶ್ನೆ, ಅದೇ ಉತ್ತರ, ಅದೇ 90. ಆ ಸಂಖ್ಯೆ ಒಂಬತ್ತು ದಿನ ಕದಲಲಿಲ್ಲ ಅನ್ನೋದೇ ನನಗೆ ಎಚ್ಚರಿಕೆ ಆಗಬೇಕಿತ್ತು.

ನಿಜವಾಗಿ ಅವನು ಏನಕ್ಕೆ ಕಾಯುತ್ತಿದ್ದ ಅಂತ ಬುಧವಾರ ಮಧ್ಯಾಹ್ನ ಗೊತ್ತಾಯಿತು. ಕ್ಲೈಂಟ್ ಕಡೆಯವರು ಪೋರ್ಟಲ್‌ಗೆ ಲಾಗಿನ್ ಆಗಿ ನಮ್ಮ ಸಾಫ್ಟ್‌ವೇರ್ ಪೋರ್ಟಲ್ ಜೊತೆ ನೇರವಾಗಿ ಮಾತಾಡೋಕೆ ಒಂದು ಎಪಿಐ ಯೂಸರ್ ಐಡಿ, ಪಾಸ್‌ವರ್ಡ್ ಮಾಡಿಕೊಡಬೇಕು. ಅದಕ್ಕೆ ಒಟಿಪಿ ಬರುತ್ತೆ. ಒಟಿಪಿ ಬರೋದು ನೋಂದಾಯಿಸಿದ ಮೊಬೈಲ್‌ಗೆ. ಆ ಮೊಬೈಲ್ ಓನರ್‌ದು. ಓನರ್ ಕುಟುಂಬದ ಜೊತೆ ಕಾಶಿಗೆ ಹೋಗಿದ್ದಾರೆ. ನಮ್ಮ ಹುಡುಗ ಅವರ ಅಕೌಂಟೆಂಟ್‌ಗೆ ಮೂರು ಮೇಲ್ ಬರೆದಿದ್ದ. ಓನರ್ ಬಂದ ಮೇಲೆ ನೋಡೋಣ ಅಂತ ಅವರು ಸುಮ್ನೆ ಇದ್ದರು.

ಬುಧವಾರ ಸಂಜೆಯೇ ನಮ್ಮ ಡೈರೆಕ್ಟರ್, ಇನ್ನಿಬ್ಬರನ್ನು ಹಾಕೋಣ, ಬೇಗ ಮುಗಿಯುತ್ತೆ ಅಂದರು. ಅವರ ಮನಸ್ಸು ಒಳ್ಳೆಯದೇ, ಕಷ್ಟ ಅಂದರೆ ಮೊದಲು ಜನ ಕೊಡುವ ಮನುಷ್ಯ. ಆದರೆ ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ, ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ ಅಂತ. ಲೆಕ್ಕ ಸುಲಭ. ಐದು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕಾದ ಜೋಡಿ 10, ಏಳು ಜನ ಆದರೆ 21. ಹೊಸಬರಿಗೆ ಎಲ್ಲ ವಿವರಿಸಬೇಕಾದವನು ಅದೇ ಹುಡುಗ. ಅದೂ ಅಲ್ಲದೆ ಇಲ್ಲಿ ಬೇಕಿದ್ದದ್ದು ಕಾಶಿಯಲ್ಲಿರುವವರ ಫೋನಿಗೆ ಬರುವ ಆರು ಅಂಕಿ. ಅದಕ್ಕೆ ಎಂಜಿನಿಯರ್ ಯಾಕೆ? ಬೇಡ ಸರ್, ನಾನೇ ನಾಳೆ ಪೀಣ್ಯಕ್ಕೆ ಹೋಗಿ ಬರುತ್ತೇನೆ ಅಂದೆ.

ಹುಡುಗ ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ಗೆ ಬಂದ, ನಾನು ವಿಜಯನಗರದಿಂದ. ಅಲ್ಲಿಂದ ಹಸಿರು ಮಾರ್ಗದಲ್ಲಿ ಒಟ್ಟಿಗೆ ಹೋದೆವು. ಅಕೌಂಟೆಂಟ್ ಐವತ್ತು ದಾಟಿದವರು, ಮೇಜಿನ ಮೇಲೆ ಲೆಕ್ಕದ ಪುಸ್ತಕ, ಪಕ್ಕದಲ್ಲಿ ರಾಘವೇಂದ್ರಸ್ವಾಮಿಗಳ ಫೋಟೋ. ಓನರ್‌ಗೆ ಫೋನ್ ಮಾಡೋಣ್ವಾ ಸರ್ ಅಂದೆ. "ದೇವಸ್ಥಾನದಲ್ಲಿರ್ತಾರೆ, ಡಿಸ್ಟರ್ಬ್ ಮಾಡಿದ್ರೆ ಬೇಜಾರು ಮಾಡ್ಕೋತಾರೆ" ಅಂದರು. ನಾನೇ ಮಾತಾಡ್ತೀನಿ, ನೀವು ನಂಬರ್ ಹಾಕಿಕೊಡಿ ಅಂದೆ. ಹಾಕಿಕೊಟ್ಟರು. ಓನರ್ ಎರಡನೇ ರಿಂಗಿಗೇ ಎತ್ತಿದರು. "ಅಯ್ಯೋ ಇಷ್ಟೇನಾ, ಹೇಳೋದಲ್ವಾ" ಅಂದು ಆರು ಅಂಕಿ ಓದಿದರು. ಫೋನ್ ಹಚ್ಚಿದಾಗಿನಿಂದ ಐಡಿ ಕೈಗೆ ಬರುವವರೆಗೆ ಹೆಚ್ಚೆಂದರೆ ಏಳು ನಿಮಿಷ. ಅಕೌಂಟೆಂಟ್ ತಲೆ ತಗ್ಗಿಸಿಕೊಂಡು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದರು, ಮಡಚಿದರು, ಆಮೇಲೆ ಬಿಚ್ಚಿ ಇನ್ನೊಂದು ಸಲ ಸರಿ ನೋಡಿ ಹುಡುಗನ ಕೈಗೆ ಕೊಟ್ಟರು. ಒಳ್ಳೆಯ ಮನುಷ್ಯ. ನನಗೆ ಅವರ ಮೇಲೆ ಕೋಪ ಬರಲಿಲ್ಲ.

ಹೊರಗೆ ಬಂದು ಮೆಟ್ರೋ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಟೀ ತಗೊಂಡೆವು. ಅಲ್ಲಿ ಕೇಳಿದೆ, ಮೊದಲ ದಿನವೇ ನನಗೆ ಹೇಳಬಹುದಿತ್ತಲ್ಲಪ್ಪಾ, ಈ ಡೇಟಿಗೆ ಆಗಲ್ಲ ಅಂತ. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತುಂಬಾ ಮೆಲ್ಲಗೆ ಕೇಳಿದ:

"ಆಗಲ್ಲ ಅಂದಿದ್ರೆ ನೀವು ಕೇಳ್ತಿದ್ರಾ ಮೇಡಂ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ ಹಾಗಿತ್ತು. ಖಂಡಿತ ಕೇಳ್ತಿದ್ದೆ ಅನ್ನೋಕೆ ಬಾಯಿ ತೆರೆದೆ. ಮಾತು ಹೊರಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಮ್ಮ ಟೆಸ್ಟರ್ ನೆನಪಾದರು. ಮೂರು ತಿಂಗಳ ಹಿಂದೆ ಇಂಥದೇ ಮೀಟಿಂಗಿನಲ್ಲಿ ಅವರು ಶುಕ್ರವಾರಕ್ಕೆ ಟೆಸ್ಟಿಂಗ್ ಮುಗಿಯಲ್ಲ ಅಂದಿದ್ದರು. ನಾನು ಎಲ್ಲರ ಎದುರು, ಆಗಲ್ಲ ಅಂತ ನನಗೆ ಹೇಳಬೇಡಿ, ಹೇಗೆ ಆಗುತ್ತೆ ಅಂತ ಹೇಳಿ ಅಂದಿದ್ದೆ. ಆಗ ಅದು ಗಟ್ಟಿ ಮಾತು ಅನ್ನಿಸಿತ್ತು. ಟೀಮಿನಲ್ಲಿ ಅತ್ಯಂತ ನಿಷ್ಠುರವಾಗಿ, ಸತ್ಯವಾಗಿ ಮಾತಾಡುವವರು ಅವರೇ. ಅವತ್ತಿನಿಂದ ಅವರು ಮೀಟಿಂಗಿನಲ್ಲಿ ಎರಡು ಪದಕ್ಕಿಂತ ಜಾಸ್ತಿ ಆಡಿಲ್ಲ. ಈ ಹುಡುಗ ಅವತ್ತು ಅವರ ಪಕ್ಕದಲ್ಲೇ ನಿಂತಿದ್ದ.

ಶುಕ್ರವಾರ ಬೆಳಗ್ಗೆ ಆಫೀಸಿಗೆ ಹೋಗುವಾಗ ದಾರಿಯಿಡೀ ಇದೇ ಯೋಚನೆ. ವಿಜಯನಗರದಿಂದ ವೈಟ್‌ಫೀಲ್ಡ್ ಕಡೆಗೆ ಈಗ ಒಂದೇ ರೈಲು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೋ ಶುರುವಾದಾಗ ಈ ಕಡೆ ಬೈಯಪ್ಪನಹಳ್ಳಿವರೆಗೂ ಲೈನ್ ಇತ್ತು. ನಡುವೆ ಎರಡು ಕಿಲೋಮೀಟರಿನಷ್ಟು ಮಾತ್ರ ಬಾಕಿ. ಆ ಚೂರಿಗೋಸ್ಕರ ಅಕ್ಟೋಬರ್ 9ರವರೆಗೆ, ಆರು ತಿಂಗಳ ಮೇಲೆ, ಇಳಿದು ಬಸ್ಸು ಹಿಡಿದು ಮತ್ತೆ ಹತ್ತಿದ್ದೇವೆ. ಕಿಲೋಮೀಟರ್ ಲೆಕ್ಕ ಹಾಕಿದರೆ ಮಾರ್ಗ ಮುಕ್ಕಾಲು ಪಾಲಿಗಿಂತ ಎಷ್ಟೋ ಜಾಸ್ತಿ ಮುಗಿದಿತ್ತು, ಆದರೆ ಬ್ಯಾಗು ಹೊತ್ತು ಕ್ಯೂನಲ್ಲಿ ನಿಂತವರಿಗೆ ಪರ್ಸೆಂಟಿನಿಂದ ಏನು ಬಂತು? ಬಿಲ್ಲಿಂಗೂ ಹಾಗೇ. ಸ್ಕ್ರೀನು, ರಿಪೋರ್ಟು, ಪ್ರಿಂಟು ಎಲ್ಲ ತಯಾರು, ಐಆರ್‌ಎನ್ ಮಾತ್ರ ಇಲ್ಲ. ಬೆನ್ನಿಗಾನಹಳ್ಳಿ ದಾಟುವಾಗ ಫೋನಿನಲ್ಲಿ ಬರೆದುಕೊಂಡೆ: ಎಷ್ಟು ಆಯ್ತು ಅಂತ ಕೇಳಬಾರದು. ಏನಕ್ಕೆ ಕಾಯ್ತಿದ್ದೀಯ, ಯಾರಿಗೆ ಕಾಯ್ತಿದ್ದೀಯ, ಅವರಿಗೆ ಫೋನ್ ಮಾಡೋರು ಯಾರು ಅಂತ ಕೇಳಬೇಕು.

ನಮ್ಮಪ್ಪನೂ ಪೀಣ್ಯದ ಒಂದು ವರ್ಕ್‌ಶಾಪಿನಲ್ಲೇ ಸೂಪರ್‌ವೈಸರ್ ಆಗಿದ್ದವರು. ರಾತ್ರಿ ಇದನ್ನೆಲ್ಲ ಹೇಳಿದರೆ ಅವರಿಗೆ ಆಶ್ಚರ್ಯ. "ನಮ್ಮಲ್ಲಿ ಲೇತ್ ಪಕ್ಕ ಟ್ರೇ ಇರ್ತಿತ್ತು ಮಗಳೇ. ಟ್ರೇ ಖಾಲಿ ಇದ್ರೆ ಖಾಲಿ, ಕೇಳೋದೇನಿತ್ತು?" ನಮ್ಮಲ್ಲಿ ಟ್ರೇ ಇಲ್ಲ. ಇರೋದು ಎದುರಿಗಿರುವವರ ಮಾತು ಒಂದೇ. ಆ ಮಾತು ನಿಜ ಆಗಿರುತ್ತಾ ಅನ್ನೋದು, ಹಿಂದೆ ನಿಜ ಹೇಳಿದವನಿಗೆ ಏನಾಯಿತು ಅನ್ನೋದರ ಮೇಲಿದೆ. ಅದನ್ನ ಎಲ್ಲರೂ ನೋಡುತ್ತಿರುತ್ತಾರೆ.

ಇನ್ನೂ ಒಂದು ಇದೆ, ಅದನ್ನು ಹುಡುಗನಿಗೆ ಹೇಳಿಲ್ಲ. ಈ ಡೇಟನ್ನು ತಂದಿದ್ದು ಸೇಲ್ಸ್‌ನವರು. ಕ್ಲೈಂಟ್ ಜೊತೆ ಕೂತು, ನಮ್ಮನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದರು. ಅದು ತಪ್ಪು, ಅವರಿಗೂ ಹೇಳಿದ್ದೇನೆ. ಆದರೆ ಡೈರೆಕ್ಟರ್ ನನ್ನ ಕಡೆ ತಿರುಗಿ "ಐದು ವಾರದಲ್ಲಿ ಆಗುತ್ತಲ್ಲಮ್ಮ?" ಅಂದಾಗ ನನ್ನ ನೋಟ್‌ಬುಕ್ಕಿನಲ್ಲಿ ಎಂಟು ವಾರ ಅಂತ ಬರೆದಿತ್ತು. ಕೈಯನ್ನು ಅದರ ಮೇಲೆ ಇಟ್ಟುಕೊಂಡು "ಆಗುತ್ತೆ ಸರ್" ಅಂದೆ.

ಅಕೌಂಟೆಂಟ್ ಓನರ್‌ಗೆ ಹೆದರಿದರು, ಹುಡುಗ ನನಗೆ, ನಾನು ಡೈರೆಕ್ಟರ್‌ಗೆ. ಯಾರೂ ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ದೊಡ್ಡವರು ಕೇಳಿದಾಗ ಆಗಲ್ಲ ಅನ್ನೋದು ಎದುರುತ್ತರ ಅಂತ ನಮ್ಮ ಮನೆಗಳಲ್ಲಿ ಕಲಿತಿದ್ದೇವೆ. ಮನೆಗೆ ಬಂದ ನೆಂಟರು ಏನಾದರೂ ಕೇಳಿದರೆ ನೋಡೋಣ ಅನ್ನುತ್ತೇವೆ, ಇಲ್ಲ ಅನ್ನಲ್ಲ. ಆಗುತ್ತೆ ಅನ್ನೋ ಒಂದು ಪದದಲ್ಲಿ ಒಪ್ಪಿಗೆಯೂ ಇದೆ, ಆಸೆಯೂ ಇದೆ, ನನ್ನನ್ನು ಇನ್ನು ಕೇಳಬೇಡಿ ಅನ್ನುವ ಬೇಡಿಕೆಯೂ ಇದೆ. ಯಾವುದು ಅಂತ ಮುಖ ನೋಡಿದರೆ ಗೊತ್ತಾಗುತ್ತೆ. ನಾನು ಒಂಬತ್ತು ದಿನ ಬೋರ್ಡ್ ನೋಡುತ್ತಿದ್ದೆ.

ಶುಕ್ರವಾರದ ಮೀಟಿಂಗಿಗೆ ಮೊದಲು ಟೆಸ್ಟರ್ ಹತ್ತಿರ ಹೋಗಿ, ಅವತ್ತು ಎಲ್ಲರ ಎದುರು ಹಾಗೆ ಅಂದಿದ್ದು ತಪ್ಪಾಯಿತು ಅಂದೆ. ಅವರು ಪರವಾಗಿಲ್ಲ ಬಿಡಿ ಅಂದರು. ಪರವಾಗಿಲ್ಲ ಅನ್ನುವ ಮುಖ ಅದಾಗಿರಲಿಲ್ಲ. ಅದೇ ಮಾತನ್ನು ಮೀಟಿಂಗಿನಲ್ಲೂ ಹೇಳಿದೆ, ಎಲ್ಲರ ಎದುರು ಆಡಿದ್ದು ಅಲ್ವಾ.

ಆಮೇಲೆ ಸರದಿ ಹುಡುಗನಿಗೆ ಬಂತು. ಸೋಮವಾರ ಬಿಲ್ಲಿಂಗ್ ಶುರು ಮಾಡಬಹುದು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಹೇಗಿದ್ದರೂ ಐಡಿ ಬಂತಲ್ಲ.

"ಸೋಮವಾರಕ್ಕೆ ಆಗಲ್ಲ ಮೇಡಂ" ಅಂದ, ಕನ್ನಡದಲ್ಲೇ.

ಎಲ್ಲರೂ ನನ್ನ ಕಡೆ ನೋಡಿದರು. ಟೆಸ್ಟರ್ ಕೂಡ. ಎದೆಯೊಳಗೆ ಆ ಹಳೇ ಕಿರಿಕಿರಿ ಏಳುತ್ತಿರೋದು ನನಗೇ ಗೊತ್ತಾಗುತ್ತಿತ್ತು. ಏನೇನು ಉಳಿದಿದೆ ಹೇಳು ಅಂದೆ. ಮಾಲು ವಾಪಸ್ ಬಂದಾಗ ಕೊಡುವ ಕ್ರೆಡಿಟ್ ನೋಟ್‌ಗಳನ್ನು ಪರೀಕ್ಷಿಸಬೇಕು, ಬಿಲ್ಲು ರದ್ದು ಮಾಡಿದರೆ ಏನಾಗುತ್ತೆ ನೋಡಬೇಕು, ಅದಕ್ಕೆ ಪೋರ್ಟಲ್‌ನಲ್ಲಿ 24 ಗಂಟೆ ಮಾತ್ರ ಅವಕಾಶ ಅಂತ ವಿವರಿಸಿದ. ಎಲ್ಲ ಸರಿಯಾದ ಮಾತು.

ಹಾಗಾದ್ರೆ ಮಂಗಳವಾರನಾ, ಬುಧವಾರನಾ ಅಂತ ಕೇಳಿದೆ.

"ಗುರುವಾರ" ಅಂದ.

ಗುರುವಾರ ಅಂತಲೇ ಬರೆದುಕೊಂಡು, ಪೀಣ್ಯಕ್ಕೆ ಫೋನ್ ಹಚ್ಚಿದೆ.