ಆಯುಧಪೂಜೆಯ ದಿನ ಗಿರಗಿರ ತಿರುಗಿದ ಆಟ

ಹಬ್ಬ ಕಳೆದು ತಿಂಗಳಾಯಿತು. ಈಗಲೂ ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ ಸ್ಟೋರ್ಸ್‌ನವರು ತೋರುಬೆರಳನ್ನು ಬುಗುರಿಯಂತೆ ತಿರುಗಿಸಿ ನಗುತ್ತಾರೆ.

ಪೀಣ್ಯದ ಒಂದು ಕಂಪನಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳಿಗೆ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಕೂರುವ ಪ್ರೋಗ್ರಾಂ, ಬರೆಯುವುದು ನನ್ನ ಕೆಲಸ. ಪೂಜೆಗೆ ಮನೆಮಂದಿಯೂ ಬರುತ್ತಾರೆ, ಮಕ್ಕಳಿಗೊಂದು ಆಟದ ಮೇಜು ಇಡಿ ಎಂದು ಮ್ಯಾನೇಜರ್ ಅಪ್ಪಣೆ ಕೊಟ್ಟರು. ಬಜೆಟ್ ಎಂದಿನಂತೆ ಸೊನ್ನೆ. ನನ್ನ ಡ್ರಾಯರಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇತ್ತು, ಅದರಲ್ಲಿ ಹಳೆಯ ಡೂಮ್ ಆಟವನ್ನು ಈಗಿನ ಯಂತ್ರಗಳಲ್ಲಿ ಆಡಿಸುವ ಚಾಕೊಲೇಟ್ ಡೂಮ್ ಇತ್ತು. ರಾಕ್ಷಸರನ್ನು ಕೊಲ್ಲುವ ಆಟ ಮಕ್ಕಳಿಗೆ ಬೇಡವೇನೋ ಎಂದೆ. “ನವರಾತ್ರಿಯಲ್ಲಿ ದೇವಿ ಮಾಡಿದ್ದೇನು ಮತ್ತೆ?” ಎಂದರು.

ಡೂಮ್ 1993ರ ಆಟ. ಮೌಸನ್ನು ಮುಂದಕ್ಕೆ ತಳ್ಳಿದರೆ ಆಟಗಾರ ಮೇಲಕ್ಕೆ ನೋಡುವುದಿಲ್ಲ, ನಡೆದುಬಿಡುತ್ತಾನೆ. ಈಗಿನ ಮಕ್ಕಳಿಗೆ ಇದು ಒಗ್ಗದು. ಸೋರ್ಸ್ ಕೋಡ್ 1997ರಿಂದಲೇ ಎಲ್ಲರಿಗೂ ಸಿಗುತ್ತದೆಯಲ್ಲ, ಅದರ ಜಿ_ಗೇಮ್.ಸಿ ಎಂಬ ಫೈಲು ತೆರೆದು, ಮೌಸ್‌ನ ಮುಂದು-ಹಿಂದಿನ ಚಲನೆಯನ್ನು ನಡಿಗೆಗೆ ಕೂಡಿಸುವ ಸಾಲನ್ನು ಕಾಮೆಂಟ್ ಮಾಡಿ, ಅಂದರೆ ಕೆಲಸ ಮಾಡದಂತೆ ಮುಚ್ಚಿ, ಕಂಪೈಲ್ ಮಾಡಿ, ರಾತ್ರಿ ಒಂಬತ್ತಕ್ಕೆ ಮೀಸೆ ತಿರುವಿದೆ. ಆಟದ ಸೆಟಪ್‌ನಲ್ಲೇ ಒಂದು ಟಿಕ್ ತೆಗೆದಿದ್ದರೆ ಸಾಕಿತ್ತು ಎಂದು ಆಮೇಲೆ ತಿಳಿಯಿತು.

ಸಾಲದ್ದಕ್ಕೆ ಮೌಸ್ ತಡೆತಡೆದು ಸರಿಯುತ್ತಿತ್ತು. ಪೈ ಶುರುವಾಗುವಾಗ ಓದುವ ಸಿಎಮ್‌ಡಿಲೈನ್ ಫೈಲಿನಲ್ಲಿ ಯುಎಸ್‌ಬಿಹಿಡ್.ಮೌಸ್‌ಪೋಲ್=0 ಎಂದು ಸೇರಿಸಿದರೆ ಪೈ ಮೌಸನ್ನು ಇನ್ನಷ್ಟು ಬೇಗಬೇಗ ವಿಚಾರಿಸುತ್ತದೆ. ಸೇರಿಸಿದೆ, ಏನೂ ಬದಲಾಗಲಿಲ್ಲ. ಆಗುವುದಾದರೂ ಹೇಗೆ? ಅಸಲಿ ಫೈಲು ಈಗ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ನಾನು ತಿದ್ದಿದ್ದು ಹಳೆಯ ಜಾಗದಲ್ಲಿ ಉಳಿದಿದ್ದ ಫೈಲನ್ನು. “ಇದನ್ನು ತಿದ್ದಬೇಡಿ” ಎಂದು ಅದರೊಳಗೇ ಬರೆದಿತ್ತು; ಓದುವ ತಾಳ್ಮೆ ಯಾರಿಗಿತ್ತು? ಕೊನೆಗೆ ನನ್ನ ಕೈಗೆ ಹಿತವೆನಿಸುವ ತನಕ ಆಟದಲ್ಲೇ ಮೌಸ್‌ನ ಸೆನ್ಸಿಟಿವಿಟಿ ಏರಿಸಿ ಮನೆಗೆ ಹೋದೆ.

ಮರುದಿನ ಬೂದುಗುಂಬಳಕಾಯಿ ಒಡೆದು, ಕಡಲೆಪುರಿ ಹಂಚಿ ಆಯಿತು. ನಿರ್ದೇಶಕರ ಮೊಮ್ಮಗಳು ಮೇಜಿಗೆ ಬಂದಳು. ಮೌಸ್ ಅಲ್ಲಾಡಿಸಿದಳಷ್ಟೇ, ಗೋಡೆ, ಬಾಗಿಲು, ರಾಕ್ಷಸ, ಮತ್ತೆ ಗೋಡೆ ರಾಟೆಯಂತೆ ಸುತ್ತಿದವು. “ತಲೆ ಸುತ್ತುತ್ತದೆ ತಾತ” ಎಂದಳು. ನಿರ್ದೇಶಕರು ನನ್ನ ಮುಖ ನೋಡಿದರು.

ಕರೆಂಟಿನದೇ ತೊಂದರೆ ಎಂದುಕೊಂಡೆ. ಹಿಂದಿನ ವಾರ ಪರದೆಯ ಮೂಲೆಯಲ್ಲಿ, ಕರೆಂಟು ಸಾಲದಾದಾಗ ಪೈ ತೋರಿಸುವ ಮಿಂಚಿನ ಗುರುತು ಕಂಡಿದ್ದೆ, ಅದೇ ತಲೆಯಲ್ಲಿ ಕೂತಿತ್ತು. ಅಡಾಪ್ಟರ್ ಬದಲಿಸಿದೆ, ರೀಬೂಟ್ ಮಾಡಿದೆ. ಪರದೆಯ ಮೇಲೆ ಅಕ್ಷರಗಳು ಓಡುತ್ತಿದ್ದಷ್ಟು ಹೊತ್ತೂ ಹಿಂದೆ ನಿಂತ ಮಕ್ಕಳು ಪುರಿ ಜಗಿಯುವ ಸದ್ದು ಕೇಳುತ್ತಿತ್ತು. ಆಟ ಶುರುವಾಯಿತು, ಮತ್ತೆ ಗಿರಗಿರ. ಕೇಬಲ್ ಬದಲಿಸಲು ಮೇಜಿನ ಕೆಳಗೆ ನುಗ್ಗಿದೆ. ಹೊಸ ಪಂಚೆ, ಮೊಣಕಾಲಿನಡಿ ಕುಂಬಳಕಾಯಿಯ ಚೂರು.

ಮೇಲಿನಿಂದ ಟೆಸ್ಟಿಂಗ್ ಮೇಡಂ ದನಿ ಬಂತು: “ಸರ್, ನಿನ್ನೆಯ ಮೌಸ್ ಇದೇನಾ?”

ಅಲ್ಲ. ಬೆಳಿಗ್ಗೆ ಪೂಜೆಗೆ ಎಲ್ಲಕ್ಕೂ ಗಂಧ ಹಚ್ಚುವಾಗ ಹಳೆಯ ಮೌಸನ್ನು ಯಾರೋ ಮಗುಚಿದ್ದರು. ಸೆನ್ಸರ್ ಕಣ್ಣಿಗೆ ಗಂಧ ಮೆತ್ತಿ, ಅದರ ಮೇಲೊಂದು ಅಚ್ಚುಕಟ್ಟಾದ ಕುಂಕುಮದ ಬೊಟ್ಟು. ಸ್ಟೋರ್ಸ್‌ನವರು ಸದ್ದಿಲ್ಲದೆ ಬಣ್ಣದ ದೀಪದ ಗೇಮಿಂಗ್ ಮೌಸ್ ತಂದಿಟ್ಟಿದ್ದರು. ಒಂದಿಂಚು ಸರಿಸಿದರೆ ಅದು ಕಂಪ್ಯೂಟರಿಗೆ ಕೊಡುವ ಎಣಿಕೆ ಹಳೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಈ ಆಟವೋ ಸೆಕೆಂಡಿಗೆ 35 ಸಲ ಮೌಸ್ ಓದುತ್ತದೆ, ಪ್ರತಿ ಸಲವೂ ಎಣಿಕೆ 10ರ ಮೇಲೆ ಎಷ್ಟಿದೆಯೋ ಅಷ್ಟನ್ನು ದುಪ್ಪಟ್ಟು ಮಾಡುತ್ತದೆ. ಹಳೆಯ ಮೌಸ್‌ನಲ್ಲಿ ಮೆಲ್ಲಗೆ ಆಡುವಾಗ 10 ದಾಟುತ್ತಲೇ ಇರಲಿಲ್ಲ. ಇದು ಮುಟ್ಟಿದರೆ ದಾಟುತ್ತಿತ್ತು. ಅದರ ಮೇಲೆ ನಾನು ರಾತ್ರಿ ಏರಿಸಿಟ್ಟ ಸೆನ್ಸಿಟಿವಿಟಿ.

ಮೇಡಂ ಮೌಸ್ ಚಕ್ರದ ಹಿಂದಿದ್ದ, ಈ ಎಣಿಕೆ ಬದಲಿಸುವ ಸಣ್ಣ ಗುಂಡಿಯನ್ನು ಮೂರು ಸಲ ಒತ್ತಿದರು. ಆಟ ತೆಪ್ಪಗಾಯಿತು. ಅಷ್ಟರಲ್ಲಿ ನಿರ್ದೇಶಕರ ಮೊಮ್ಮಗಳು ಬಲೂನಿನ ಕಡೆಗೆ ಹೋಗಿದ್ದಳು.

ಸೋಮವಾರ ಈ ಆಟಕ್ಕೂ ಆರ್‌ಸಿಎ, ಅಂದರೆ ತೊಂದರೆಯ ಮೂಲ ಕಾರಣದ ವರದಿ, ಬರೆಸಿದರು. ‘ಮುಂದೆ ಮರುಕಳಿಸದಂತೆ ಕ್ರಮ’ ಎಂಬ ಕಾಲಮ್ಮಿನಲ್ಲಿ ಸಿಟ್ಟಿಗೆ “ಗಂಧ ಹಚ್ಚುವಾಗ ಮೌಸ್ ಮಗುಚಬಾರದು” ಎಂದು ಬರೆದೆ. ಮ್ಯಾನೇಜರ್ ಓದದೆ ಸಹಿ ಹಾಕಿದರು.