ಬೋರ್ಡಿನ ಮೇಲಿನ ಹಳೇ ನಂಬರ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್, ಬೇಸಿಗೆ ಬಂತೆಂದರೆ ಉಬ್ಬಿದ ಬ್ಯಾಟರಿ. ಇಲ್ಲಿನ ಬಿಸಿಲಿಗೆ ಮನುಷ್ಯರೇ ತಡೆಯುವುದಿಲ್ಲ, ಬ್ಯಾಟರಿ ಯಾವ ಲೆಕ್ಕ.

ಹೋದ ಮಾರ್ಚ್‌ನಲ್ಲಿ ಒಬ್ಬ ಹುಡುಗ ಅಪ್ಪನನ್ನು ಕರೆದುಕೊಂಡು ಬಂದ. ಅಪ್ಪ ಗಂಜ್‌ನಲ್ಲಿ ಹಮಾಲಿ. ತೊಗರಿ ಚೀಲದ ಧೂಳು ಹೆಗಲ ಮೇಲೆ ಹಾಗೇ ಇತ್ತು.

'ಅಣ್ಣಾ, ನನ್ನ ಐಡಿ ಹೋಗ್ಯಾದ್ರಿ' ಅಂದ ಹುಡುಗ. ಕಣ್ಣು ಕೆಂಪಗಿತ್ತು.

ಐಡಿ ಅಂದರೆ ಬಿಜಿಎಂಐ ಅನ್ನುವ ಮೊಬೈಲ್ ಬಂದೂಕಿನ ಆಟದ ಅಕೌಂಟ್. 2021ರ ಜುಲೈಯಲ್ಲಿ ಆ ಆಟ ಬಂದಾಗಿನಿಂದ ಆಡಿದ್ದಾನೆ. 2022ರಲ್ಲಿ ಅದನ್ನು ಪ್ಲೇ ಸ್ಟೋರ್‌ನಿಂದ ತೆಗೆದರು, ಮರುವರ್ಷ ವಾಪಸ್ ಬಂತು. ಅಲ್ಲಿಯವರೆಗೂ ಐಡಿ ಕಾಯ್ದುಕೊಂಡಿದ್ದ. ಅದರಲ್ಲಿ ಎಂ416 ಬಂದೂಕಿನ ಗ್ಲೇಸಿಯರ್ ಸ್ಕಿನ್, ಅಂದರೆ ಬಂದೂಕಿಗೆ ತೊಡಿಸುವ ಅಲಂಕಾರದ ಹೊದಿಕೆ, ಇತ್ತಂತೆ. ಆ ಸ್ಕಿನ್ ಇರುವ ಐಡಿಗೆ ಹುಡುಗರ ನಡುವೆ ಬೆಲೆ ಜಾಸ್ತಿ. ಐಡಿ ಮಾರುವುದು ಆಟದ ನಿಯಮಕ್ಕೆ ವಿರುದ್ಧ, ಆದರೂ ಮಾರುತ್ತಾರೆ. ಕದಿಯುವವರು ಕದಿಯುವುದೂ ಅದಕ್ಕೇ.

ನಾನು ದೊಡ್ಡವನ ಹಾಗೆ ಕೇಳಿದೆ, 'ಫ್ರೀ ಯುಸಿ ಅಂತ ಯಾವುದಾದರೂ ಲಿಂಕ್ ಒತ್ತಿದಿ ಏನು ತಮ್ಮಾ?' ಯುಸಿ ಅಂದರೆ ಆಟದೊಳಗಿನ ರೊಕ್ಕ. ಅದನ್ನು ಪುಕ್ಕಟೆ ಕೊಡುತ್ತೇವೆ ಅಂತ ನಕಲಿ ಲಾಗಿನ್ ಪುಟ ತೋರಿಸಿ ಪಾಸ್‌ವರ್ಡ್ ಕದಿಯುವುದು ಹಳೇ ಆಟ. ಹತ್ತರಲ್ಲಿ ಎಂಟು ಹುಡುಗರು ಹಾಗೇ ಬಿದ್ದಿರುತ್ತಾರೆ ಅಂತ ನನ್ನ ಅಂದಾಜು.

'ಒಂದೂ ಒತ್ತಿಲ್ರಿ ಅಣ್ಣಾ, ಖರೇ.'

ನಂಬಲಿಲ್ಲ. ಫೋನಿನಲ್ಲಿ ವೈರಸ್ ಇರಬೇಕು ಅಂತ ಮೊದಲು ರೀಸೆಟ್ ಹೊಡೆದೆ, ಅಂದರೆ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿದೆ. ಇದು ನನ್ನ ಮೊದಲ ತಪ್ಪು. ಕಳೆದುಹೋದ ಗೂಗಲ್ ಅಕೌಂಟ್ ವಾಪಸ್ ಕೇಳುವಾಗ ಮೊದಲಿನಿಂದ ಬಳಸಿದ ಫೋನು, ಮೊದಲಿನ ವೈಫೈ, ಮೊದಲಿನ ಜಾಗ ಇದ್ದರೆ ಅನುಕೂಲ. ಗೂಗಲ್ ಅದನ್ನು ಗುರುತಿಸುತ್ತದೆ. ನಾನು ಆ ಗುರುತನ್ನೇ ಅಳಿಸಿಹಾಕಿದ್ದೆ.

ಅವನ ಐಡಿ ಗೂಗಲ್ ಪ್ಲೇ ಮೂಲಕ ಲಾಗಿನ್ ಆದದ್ದು. ಅಂದರೆ ಆಟಕ್ಕೆ ಬೇರೆ ಪಾಸ್‌ವರ್ಡೇ ಇಲ್ಲ, ಜಿಮೇಲ್ ಯಾರ ಕೈಯಲ್ಲಿದೆಯೋ ಐಡಿ ಅವರದು. ಪಾಸ್‌ವರ್ಡ್ ಬದಲಾಗಿದೆ ಅಂತ ಮೂರು ದಿನದ ಹಿಂದೆ ಫೋನಿಗೆ ಸೂಚನೆ ಬಂದಿತ್ತಂತೆ. ಹುಡುಗ ಸುಮ್ನೆ ಸರಿಸಿಬಿಟ್ಟಿದ್ದ.

ಕಳೆದ ಅಕೌಂಟ್ ವಾಪಸ್ ಕೇಳುವ ಗೂಗಲ್ ರಿಕವರಿ ಪುಟ ತೆರೆದೆ. ಒಂದು ಒಳ್ಳೆಯ ಸಂಗತಿ ಇದೆ: ಅಕೌಂಟ್ ವಾಪಸ್ ಪಡೆಯುವ ಕೋಡ್ ಬರುವ ಫೋನ್ ನಂಬರನ್ನು, ಅಂದರೆ ರಿಕವರಿ ನಂಬರನ್ನು, ಕಳ್ಳ ಬದಲಿಸಿದರೂ, ಹಳೆಯ ನಂಬರ್ 7 ದಿನದವರೆಗೆ ಕೆಲಸಕ್ಕೆ ಬರಬಹುದು. ಮೂರು ಕಳೆದಿವೆ, ನಾಲ್ಕು ಉಳಿದಿವೆ, ಆಗುತ್ತದೆ ಬಿಡು ಅಂದುಕೊಂಡೆ. ಕೊನೆಗೆ 47 ಇರುವ ನಂಬರಿಗೆ ಕೋಡ್ ಕಳಿಸಲೇ ಅಂತ ಪುಟ ಕೇಳಿತು.

'ಕಾಕಾ, ಮನೆಯಲ್ಲಿ ಯಾರ ನಂಬರ್ 47ಕ್ಕೆ ಮುಗಿಯುತ್ತದೆ?'

ಅವರು ನೆನಪು ಮಾಡಿಕೊಂಡರು, ಹೆಂಡತಿಗೆ ಫೋನ್ ಹಚ್ಚಿ ಕೇಳಿದರು. ಯಾರದೂ ಅಲ್ಲ. ಹುಡುಗ ಮಾತ್ರ ತಲೆ ಎತ್ತಿ ನನ್ನ ಅಂಗಡಿಯ ಬೋರ್ಡ್ ನೋಡುತ್ತಿದ್ದ. ಅಲ್ಲಿ ಪೇಂಟರ್ ದೊಡ್ಡದಾಗಿ ಬರೆದ ನನ್ನ ಹಳೇ ನಂಬರ್. ಕೊನೆಗೆ 47.

ಈಗ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 2020, 2021ರಲ್ಲಿ ಶಾಲೆ ಬಂದಾಗಿ ಆನ್‌ಲೈನ್ ಕ್ಲಾಸ್ ಶುರುವಾದಾಗ ಸಾಲ ಮಾಡಿ ಮಕ್ಕಳಿಗೆ ಫೋನ್ ಕೊಡಿಸಿದವರು ಬಹಳ. ಫೋನ್ ಬೇಕೆಂದರೆ ಜಿಮೇಲ್ ಬೇಕು. ಅಂಗಡಿ ಮುಂದೆ ಸಾಲು ನಿಂತಿರುತ್ತಿತ್ತು. ಯಾರನ್ನೂ ಕೇಳುವ ಪುರುಸೊತ್ತು ನನಗಿರಲಿಲ್ಲ. ಹುಟ್ಟಿದ ದಿನ ಎಲ್ಲರದೂ 1990ರ ಜನವರಿ 1. ಪಾಸ್‌ವರ್ಡ್ ಎಲ್ಲರದೂ ಅವರವರ ಹೆಸರು, ಮುಂದೆ 123. ಅಪ್ಪನ ನಂಬರ್ ಬಾಯಿಪಾಠ ಇಲ್ಲದ ಮಕ್ಕಳಿಗೆ ರಿಕವರಿಗೆ ನನ್ನ ನಂಬರೇ. ಮರೆತವರು ವಾಪಸ್ ಬರುತ್ತಾರೆ ಅಂತ ಎಲ್ಲವನ್ನೂ ಒಂದು ಉದ್ದ ವಹಿಯಲ್ಲಿ ಬರೆದಿಟ್ಟಿದ್ದೆ. ಆ ವಹಿ ಕೌಂಟರ್ ಮೇಲೇ ಬಿದ್ದಿರುತ್ತಿತ್ತು, ಚಹಾ ಲೋಟದ ಕೆಳಗೆ. ಆಗ ಅದು ಗಿರಾಕಿಗೆ ಮಾಡುವ ಉಪಕಾರ ಅನಿಸಿತ್ತು.

ವಹಿ ತೆಗೆದು ಅವನ ಹೆಸರು ಹುಡುಕಿದೆ. ಸಿಕ್ಕಿತು. ಅದೇ ಪುಟದಲ್ಲಿ ಅವನ ಓಣಿಯ ಇನ್ನೂ ಐದಾರು ಹುಡುಗರು. ಎಲ್ಲರದೂ ಹೆಸರು, 123. ತನ್ನ ಪಾಸ್‌ವರ್ಡ್ ಗೊತ್ತಿದ್ದವನಿಗೆ ಪಕ್ಕದವನದೂ ಗೊತ್ತಾದ ಹಾಗೇ ಅಲ್ವಾ? ಕದ್ದವರು ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಆದರೆ ಹುಡುಗ ಲಿಂಕ್ ಒತ್ತಿಲ್ಲ ಅಂದದ್ದು ಖರೇ ಇರಬಹುದು ಅಂತ ಆಗ ಅನಿಸಿತು.

47ರ ಸಿಮ್‌ಗೆ ನಾನು ರೀಚಾರ್ಜ್ ಮಾಡುವುದು ಬಿಟ್ಟು ಎರಡು ವರ್ಷ ಆಗಿತ್ತು. ಬಂದಾದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಬೇರೆಯವರಿಗೆ ಕೊಡಬಹುದು. ಹಚ್ಚಿ ನೋಡಿದೆ. ರಿಂಗಾಯಿತು. ಒಬ್ಬ ಹೆಣ್ಣುಮಗಳು ಎತ್ತಿದಳು.

'ಅಕ್ಕಾರ, ನಮಸ್ಕಾರ. ಈ ನಂಬರ್ ಮೊದಲು ನಂದಿತ್ತು. ಈಗ ನಿಮಗೊಂದು ಓಟಿಪಿ ಬರ್ತದ…'

ಮುಂದಿನ ಮಾತು ಆಡಲು ಬಿಡಲಿಲ್ಲ. 'ಓಟಿಪಿ ಯಾರಿಗೂ ಹೇಳಬ್ಯಾಡ ಅಂತ ನನ್ನ ಮಗ ಹೇಳ್ಯಾನ್ರಿ' ಅಂದು ಕಟ್ ಮಾಡಿದಳು. ಮತ್ತೆ ಹಚ್ಚಿದೆ. ಈ ಸಲ ಮಗನೇ ಎತ್ತಿ ನನಗೆ ಚೆನ್ನಾಗಿ ಬೈದ. ಮೂರನೇ ಸಲ ರಿಂಗೇ ಆಗಲಿಲ್ಲ, ಬ್ಲಾಕ್ ಮಾಡಿದ್ದರು.

ಅವರದು ತಪ್ಪು ಅಂತ ಹೇಗೆ ಹೇಳಲಿ? ನಾನೇ ಕೌಂಟರ್ ಮೇಲೆ 'ಓಟಿಪಿ ಹೇಳಬೇಡಿ' ಅಂತ ಚೀಟಿ ಅಂಟಿಸಿದವನು.

ನಾಲ್ಕು ದಿನ ಹಾಗೇ ಕಳೆದವು. ಅಪ್ಪನ ಯುಪಿಐನಲ್ಲಿ ಏನಾದರೂ ಹೋಗಿದೆಯಾ ನೋಡಿದೆವು, ಹೋಗಿರಲಿಲ್ಲ. ರೊಕ್ಕ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹಚ್ಚಬೇಕಿತ್ತು. ಆಟದ ಕಂಪನಿಗೂ ಬರೆದೆವು, ಆದರೆ ನಮ್ಮದೇ ಅಂತ ತೋರಿಸಲು ಕೈಯಲ್ಲಿ ಏನೂ ಇಲ್ಲ. ಯುಸಿ ಕೊಂಡಾಗ ಜಿಪಿಎ ಅಂತ ಶುರುವಾಗುವ ಆರ್ಡರ್ ನಂಬರಿನ ರಸೀದಿ ಬರುತ್ತದೆ. ಅವೆಲ್ಲ ಇದ್ದದ್ದು ಅದೇ ಜಿಮೇಲ್‌ನಲ್ಲಿ. ಐಡಿ ಸಿಗಲಿಲ್ಲ. 'ಆಟದಾಗಿನ ಬಂದೂಕು ಹೋದ್ರ ಹೋಯ್ತು ಬಿಡ್ರಿ' ಅಂದರು ಅಪ್ಪ. ಹುಡುಗ ಏನೂ ಅನ್ನಲಿಲ್ಲ. ವಹಿಯ ವಿಷಯ ಅವನಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು.

ಈಗ ಜಿಮೇಲ್ ನಾನು ಮಾಡಿಕೊಡುವುದಿಲ್ಲ. ಪಕ್ಕದಲ್ಲಿ ನಿಂತು ಹೇಳುತ್ತೇನೆ, ಬೆರಳು ಗಿರಾಕಿಯದೇ. ಪಾಸ್‌ವರ್ಡ್ ಹೊಡೆಯುವಾಗ ಮುಖ ತಿರುಗಿಸುತ್ತೇನೆ. ರಿಕವರಿಗೆ ಮನೆಯಲ್ಲಿ ದಿನಾ ಬಳಸುವ ನಂಬರ್. ಆಮೇಲೆ ಅಲ್ಲೇ ಟೂ ಸ್ಟೆಪ್, ಅಂದರೆ ಎರಡು ಹಂತದ ಲಾಗಿನ್, ಹಾಕಿಸುತ್ತೇನೆ. ಅದನ್ನು ಹಾಕಿದರೆ ಹೊಸ ಫೋನಿನಿಂದ ಒಳಗೆ ಬರುವವನಿಗೆ ಬರೀ ಪಾಸ್‌ವರ್ಡ್ ಸಾಲುವುದಿಲ್ಲ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ 8 ಅಂಕಿ, ಒಂದೊಂದು ಒಂದೇ ಸಲಕ್ಕೆ. ಅವನ್ನು ಬಿಲ್ಲಿನ ಹಿಂದೆ ಗಿರಾಕಿ ಕೈಯಿಂದಲೇ ಬರೆಸುತ್ತೇನೆ. ರೇಷನ್ ಕಾರ್ಡ್ ಇಡುವ ಜಾಗದಲ್ಲಿ ಇಡಿ ಅನ್ನುತ್ತೇನೆ. ಆಟ ಆಡುವ ಮಕ್ಕಳಾದರೆ ಆಟದೊಳಗಿನ ಕ್ಯಾರೆಕ್ಟರ್ ಐಡಿ (ಆಟಗಾರನ ಗುರುತಿನ ನಂಬರ್), ಯುಸಿ ರಸೀದಿಯ ನಂಬರ್ ಕೂಡ ಅದೇ ಕಾಗದದ ಮೇಲೆ. ಫ್ರೀ ಫೈರ್ ಮ್ಯಾಕ್ಸ್ ಅನ್ನುವ ಇನ್ನೊಂದು ಆಟವನ್ನು ಗೆಸ್ಟ್ ಆಗಿ, ಅಂದರೆ ಯಾವ ಅಕೌಂಟಿಗೂ ಜೋಡಿಸದೆ, ಆಡುವವರಿಗೆ ಮೊದಲು ಒಂದು ಅಕೌಂಟಿಗೆ ಜೋಡಿಸಿಕೋ ಅನ್ನುತ್ತೇನೆ. ಹಾಗೇ ಬಿಟ್ಟರೆ ಕಳ್ಳನೇ ಬೇಕಿಲ್ಲ, ಫೋನ್ ಕೆಟ್ಟರೂ ಸಾಕು.

ರೀಸೆಟ್ ಹೊಡೆಯುವ ಮೊದಲು ಒಂದು ಪ್ರಶ್ನೆ ಕಡ್ಡಾಯ: 'ಇದರಲ್ಲಿ ಆಥೆಂಟಿಕೇಟರ್, ಅಂದರೆ ಲಾಗಿನ್ ಕೋಡ್ ತೋರಿಸುವ ಆ್ಯಪ್, ಇದೆಯಾ?' ಎಂಜಿನಿಯರಿಂಗ್ ಹುಡುಗರ ಫೋನಿನಲ್ಲಿ ಸ್ಟೀಮ್ ಗಾರ್ಡ್ ಇರುತ್ತದೆ, ಸ್ಟೀಮ್ ಅನ್ನುವ ಕಂಪ್ಯೂಟರ್ ಆಟಗಳ ಅಂಗಡಿಯ ಅಕೌಂಟಿಗೆ ಕೋಡ್ ಕೊಡುವಂಥದ್ದು. ಅದರ ರಿಕವರಿ ಕೋಡ್, ಆರ್ ಅಕ್ಷರದಿಂದ ಶುರುವಾಗುವುದು, ಬರೆದಿಟ್ಟುಕೊಳ್ಳದೆ ಫೋನ್ ಅಳಿಸಿದರೆ ತನ್ನ ಮನೆಗೆ ತಾನೇ ಬೀಗ ಹಾಕಿಕೊಂಡ ಹಾಗೆ. 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಕಳ್ಳನನ್ನು ತಡೆಯುತ್ತದೆ, ನಮ್ಮನ್ನೂ ತಡೆಯುತ್ತದೆ. ಇದನ್ನು ಹೇಳದೆ ಬರೀ ಟೂ ಸ್ಟೆಪ್ ಹಾಕಿ ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು.

ಇಷ್ಟಕ್ಕೆಲ್ಲ ಒಬ್ಬ ಗಿರಾಕಿಗೆ ಇಪ್ಪತ್ತು ನಿಮಿಷ ಹೋಗುತ್ತದೆ. ಕೆಲವರು ಬೇಸರ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಎರಡು ನಿಮಿಷದಲ್ಲಿ ಆಗುತ್ತದೆ.

ವಹಿಯನ್ನು ಹರಿದು ಹಾಕೋಣ ಅಂದುಕೊಂಡಿದ್ದೆ. ಆದರೆ ಅದರಲ್ಲಿರುವವರಿಗೆಲ್ಲ ಪಾಸ್‌ವರ್ಡ್ ಬದಲಿಸಿ, ರಿಕವರಿ ನಂಬರ್ ತೆಗೆಯಿರಿ ಅಂತ ಹೇಳದೆ ಹರಿದರೆ ಏನು ಬಂತು? ದಿನಾ ರಾತ್ರಿ ಶಟರ್ ಎಳೆದ ಮೇಲೆ ಐದಾರು ಜನರಿಗೆ ಫೋನ್ ಹಚ್ಚುತ್ತೇನೆ. ಅರ್ಧ ನಂಬರ್ ಚಾಲೂ ಇಲ್ಲ. ಪಾಸ್‌ವರ್ಡ್ ಅನ್ನುವ ಮಾತು ಬಾಯಿಗೆ ಬಂದ ಕೂಡಲೇ ಎಷ್ಟೋ ಜನ ಫೋನ್ ಇಟ್ಟುಬಿಡುತ್ತಾರೆ. ಅದಕ್ಕೆ ಈಗ ಬೇರೆ ಏನೂ ಹೇಳುವುದಿಲ್ಲ. 'ಸೂಪರ್ ಮಾರ್ಕೆಟ್ ಕಡೆ ಬಂದಾಗ ಅಂಗಡಿಗೆ ಬಂದು ಹೋಗ್ರಿ, ಚಹಾ ಕುಡಿಯೋಣ' ಅನ್ನುತ್ತೇನೆ. ಬಂದವರ ಹೆಸರಿನ ಮೇಲೆ ಗೆರೆ ಎಳೆಯುತ್ತೇನೆ. ಇನ್ನೂ 11 ಪುಟ ಬಾಕಿ ಇದೆ.